ಮಹಾದ್ವಾರಕ್ಕೆ ಒಯ್ದ ಜಾಕುಗಳು

ಟ್ರಸ್ಟಿನ ಕಾರ್ಯದರ್ಶಿ ನನ್ನನ್ನು ಕರೆಸಿದ್ದು ಮಹಾದ್ವಾರ ಕಟ್ಟಿಸಲಿಕ್ಕೆ. ಕಮಲಾಪುರದ ಅವರ ಮಠಕ್ಕೆ ಹೆದ್ದಾರಿಯಿಂದ ಹೊರಳುವಲ್ಲಿ ಮೂವತ್ತಾರು ಅಡಿ ಎತ್ತರದ ದ್ವಾರ, ಮೇಲೆ ಐದು ಕಳಸ, ಎರಡೂ ಬದಿಗೆ ಆನೆ, ಆನೆಗಳ ಪಕ್ಕ ಜನ ನಡೆದು ಹೋಗಲು ಎರಡು ಸಣ್ಣ ಬಾಗಿಲು. ಮಠದ ಪೂಜ್ಯರಿಗೆ ಅರವತ್ತು ತುಂಬುವ ಸಮಾರಂಭಕ್ಕೆ ಮುಗಿದಿರಬೇಕು. ಟ್ರಸ್ಟಿನ ಕಚೇರಿ ಇರುವುದು ಕಲಬುರಗಿ ನಗರದಲ್ಲಿ, ಅವರದೇ ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ. ಕಾರ್ಯದರ್ಶಿ ದೊಡ್ಡ ಟೇಬಲ್ಲಿನ ಹಿಂದೆ ಕೂತಿದ್ದರು. ನಾನು ತಂದಿದ್ದ ನಕ್ಷೆಯನ್ನು ಬಿಚ್ಚುವ ಮೊದಲೇ ಹೇಳಿದರು:

"ಮೇಡಂ, ಹೆದ್ದಾರಿ ಮ್ಯಾಲ ಹೋಗೋರು ಗಾಡಿ ನಿಂದ್ರಿಸಿ ಫೋಟೋ ಹೊಡ್ಕೊಬೇಕ್ರಿ. ಅಂಥಾದ್ದು ಬೇಕು."

ಅದಾದ ಮೇಲೆ, ಪಕ್ಕದ ಮನೆಯವರ ಕಷ್ಟ ಹೇಳುವ ಹಾಗೆ, ಟ್ರಸ್ಟಿನ ಕಷ್ಟ ಹೇಳಿದರು. ಕಮಲಾಪುರದಲ್ಲಿ ಮಠದ ಹಿಂದೆ ಹೆಣ್ಣುಮಕ್ಕಳ ಪ್ರಸಾದ ನಿಲಯ ನಡೆಸುತ್ತಾರೆ. ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಹುಡುಗಿಯರಿಗೆ ಊಟ, ವಸತಿ ಪುಕ್ಕಟೆ. ಅಲ್ಲಿನ ಕೆಲಸದವರಿಗೆ ಐದು ತಿಂಗಳಿಂದ ಪಗಾರ ಇಲ್ಲ. ಕಿರಾಣಿ ಅಂಗಡಿಯವನು ತೊಗರಿಬೇಳೆ ಉದ್ರಿ ಕೊಡುವುದನ್ನು ನಿಲ್ಲಿಸಿದ್ದಾನೆ. ನಾನು ಕಣ್ಣು ಪಿಳುಕಿಸದೆ ಕೇಳುತ್ತಿದ್ದೆ. ಟ್ರಸ್ಟಿಗಳಲ್ಲಿ ಮೂವರು ದಾಲ್ ಮಿಲ್ಲಿನ ಮಾಲೀಕರು, ಕಾರ್ಯದರ್ಶಿಯೇ ಅವರಲ್ಲೊಬ್ಬರು. ತೊಗರಿ ಬೆಳೆದು ದೇಶಕ್ಕೆ ಕಳಿಸುವ ಜಿಲ್ಲೆಯಲ್ಲಿ, ಬೇಳೆ ಒಡೆಸಿ ಶ್ರೀಮಂತರಾದವರು ನಡೆಸುವ ಮನೆಯಲ್ಲಿ, ಬೇಳೆ ಇಲ್ಲ.

"ಹಂಗಾದ್ರ ದ್ವಾರಕ್ಕ ದುಡ್ಡು ಎಲ್ಲಿಂದ್ರಿ?" ಅಂದೆ.

"ಬ್ಯಾಂಕಿನಾಗ ಸಾಲ ಮಾಡೀವ್ರಿ. ದ್ವಾರ ಆದ್ರ ಭಕ್ತರು ಬರ್ತಾರ. ಭಕ್ತರು ಬಂದ್ರ ಬೇಳಿ ತಾನೇ ಬರ್ತದ."

ಇದನ್ನು ಅವರು ತಮಾಷೆಗೆ ಹೇಳಲಿಲ್ಲ. ನಂತರ ನನ್ನ ಊರು, ಮನೆತನ ವಿಚಾರಿಸಿದರು. ನಮ್ಮಪ್ಪ ಶಹಾಬಾದ ಕಡೆ ಫರ್ಸಿ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದರು ಎಂದೆ, ಓಣಿಯ ಹೆಸರನ್ನೂ ಹೇಳಿದೆ. ಸ್ವಲ್ಪ ಹೊತ್ತಿಗೆ ಚಹಾ ಬಂತು. ಅವರಿಗೆ ಪಿಂಗಾಣಿ ಕಪ್ಪಿನಲ್ಲಿ, ನನಗೆ ಕಾಗದದ ಲೋಟದಲ್ಲಿ. ಆ ಚಹಾ ಕುಡಿದೆ. ಕೆಲಸವನ್ನೂ ಒಪ್ಪಿಕೊಂಡೆ. ಆ ವರ್ಷ ಒಬ್ಬ ಗುತ್ತಿಗೆದಾರ ನನ್ನ ಬಿಲ್ಲು ತಡೆಹಿಡಿದಿದ್ದ, ನನ್ನ ಕಚೇರಿಯ ಇಬ್ಬರು ಹುಡುಗಿಯರಿಗೆ ಸಂಬಳ ಕೊಡಬೇಕಿತ್ತು. ಮುಂಗಡದ ಚೆಕ್ಕನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ.

ಕಮಲಾಪುರ ಅಂದರೆ ಎಲ್ಲರಿಗೂ ಕೆಂಪು ಬಾಳೆ ನೆನಪಾಗುತ್ತದೆ. ದ್ವಾರಕ್ಕೆ ಇವರು ಆರಿಸಿದ್ದ ಜಾಗದಲ್ಲಿ ಮಾತ್ರ ಅಪ್ಪಟ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಕೈ ತೂರುವಷ್ಟು ಬಿರಿಯುವಂಥದ್ದು. ಪಾಯಾ ಎಷ್ಟು ಆಳ ಬೇಕೆಂದು ನೋಡಲು ಎರಡು ಗುಂಡಿ ತೋಡಿಸಿದೆ. ಒಂಬತ್ತು ಅಡಿ ಇಳಿದರೂ ಗಟ್ಟಿ ಮುರುಮಿನ ನೆಲ ಸಿಗಲಿಲ್ಲ. ಹನ್ನೊಂದನೇ ಅಡಿಗೆ ಸಿಕ್ಕಿತು. ಆನೆ ಹೊತ್ತ ಕಂಬಗಳು ನಿಲ್ಲಬೇಕಾದರೆ ಅಷ್ಟು ಆಳಕ್ಕೆ ಹೋಗಲೇಬೇಕು, ಖರ್ಚು ಹೆಚ್ಚುತ್ತದೆ ಎಂದು ಫೋನಿನಲ್ಲಿ ತಿಳಿಸಿದೆ. ಕಾರ್ಯದರ್ಶಿ ಒಂದು ನಿಮಿಷವೂ ಯೋಚಿಸಲಿಲ್ಲ. "ಹೋಗ್ರಿ, ಹೋಗ್ರಿ. ಪಾಯಾಕ್ಕ ಕಡಿಮಿ ಮಾಡಬ್ಯಾಡ್ರಿ," ಅಂದರು. ಪೂಜ್ಯರ ಹೆಸರು ಕೆತ್ತುವ ಕಲ್ಲು ವಾಲಬಾರದಲ್ಲ.

ಗುಂಡಿಯ ಅಳತೆ ಬರೆದುಕೊಳ್ಳುತ್ತಿದ್ದಾಗ ಪ್ರಸಾದ ನಿಲಯದ ಮೇಲ್ವಿಚಾರಕಿ ಬಂದು ನಿಂತರು. ಐವತ್ತರ ಆಸುಪಾಸಿನ ಹೆಣ್ಣುಮಗಳು, ಕೈಗೆ ಹಿಟ್ಟು ಮೆತ್ತಿತ್ತು. ಅಡುಗೆಯವರು ಪಗಾರ ಇಲ್ಲದೆ ಬಿಟ್ಟುಹೋದ ಮೇಲೆ ಅಡುಗೆಯನ್ನೂ ಅವರೇ ಮಾಡುತ್ತಿದ್ದರು.

"ಮೇಡಂ, ನೀವು ಎಂಜಿನಿಯರ್ ಅಲ್ಲೇನ್ರಿ? ಒಂದ್ ಸಲ ಒಳಗ ಬಂದು ಮ್ಯಾಲ ನೋಡ್ರಿ. ಯಾರ್ಗಿ ಹೇಳಿದ್ರೂ ಯಾರೂ ಮ್ಯಾಲ ನೋಡವಲ್ರು."

ಹುಡುಗಿಯರು ಶಾಲೆಗೆ ಹೋಗಿದ್ದರು. ಮಲಗುವ ಕೋಣೆ ಉದ್ದನೆಯದು. ಗೋಡೆಗುಂಟ ಟ್ರಂಕುಗಳು, ಸುತ್ತಿಟ್ಟ ಹಾಸಿಗೆಗಳು. ತಾರಸಿಯ ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ, ನಾಲ್ಕು ಹಳೆಯ ಸೀರೆಗಳನ್ನು ಬಿಗಿಯಾಗಿ ಕಟ್ಟಿದ್ದರು. ನಾನು ಸೊಳ್ಳೆಗೆ ಇರಬೇಕು ಅಂದುಕೊಂಡೆ. ಮೇಲ್ವಿಚಾರಕಿ ಒಂದು ಸೀರೆಯ ತುದಿ ಬಿಚ್ಚಿದರು. ಗಿಲಾವಿನ ಚಕ್ಕೆಗಳು, ಕಾಂಕ್ರೀಟಿನ ಚೂರುಗಳು ಧಡಧಡ ನೆಲಕ್ಕೆ ಸುರಿದವು. ಒಂದು ಚೂರು ನನ್ನ ಅಂಗೈಯಷ್ಟಿತ್ತು.

"ಇದು ಬರೀ ಒಂದ್ ವಾರದ್ದು ರೀ," ಅಂದರು.

ಸೀರೆ ಸರಿಸಿ ನೋಡಿದರೆ ಸ್ಲ್ಯಾಬಿನ ಕಬ್ಬಿಣ ಬೆತ್ತಲೆಯಾಗಿ ತುಕ್ಕು ಹಿಡಿದು ನಿಂತಿತ್ತು. ಸುತ್ತಿಗೆಯಿಂದ ತಟ್ಟುತ್ತ ಹೋದೆ. ಅರ್ಧ ಕೋಣೆಯಲ್ಲಿ ಪೊಳ್ಳು ಸದ್ದು. ಹತ್ತು ಮಿಲಿಮೀಟರ್ ಇರಬೇಕಾದ ಸರಳನ್ನು ಉಜ್ಜಿ ಅಳೆದರೆ ಏಳಕ್ಕಿಂತ ಕಡಿಮೆ ಉಳಿದಿತ್ತು. ಈ ತೊಲೆಯಿಂದ ಆ ತೊಲೆಗೆ ದಾರ ಬಿಗಿದು ನೋಡಿದೆ: ನಡುವೆ ಸ್ಲ್ಯಾಬು ಒಂದೂವರೆ ಇಂಚು ಜೋತುಬಿದ್ದಿದೆ. ಹನ್ನೆರಡು ಅಡಿ ಅಂತರಕ್ಕೆ ಅದು ಬಹಳ. ಬರೀ ಹಳೆಯದಾದ ತಾರಸಿ ಹೀಗೆ ಜೋಲುವುದಿಲ್ಲ.

"ಮ್ಯಾಲ ಏನದ ಅಕ್ಕಾರ?" ಅಂತ ಕೇಳಿದೆ.

"ಪೂಜ್ಯರ ವಿಶ್ರಾಂತಿ ಕೋಣಿ ರೀ."

ಮೆಟ್ಟಿಲು ಹತ್ತಿ ನೋಡಿದೆ. ಬರೀ ತಾರಸಿಯೆಂದು ಲೆಕ್ಕ ಹಾಕಿ ಕಟ್ಟಿದ ಸ್ಲ್ಯಾಬಿನ ಮೇಲೆ ಐದು ವರ್ಷದ ಹಿಂದೆ ಅತಿಥಿಗೃಹ ಎಬ್ಬಿಸಿದ್ದರು. ಇಟ್ಟಿಗೆಯ ಗೋಡೆ, ನೆಲಕ್ಕೆ ಬಿಳಿ ಮಾರ್ಬಲ್, ಹಿತ್ತಾಳೆ ಹಿಡಿಕೆಯ ಕಪಾಟು, ಬಚ್ಚಲಲ್ಲಿ ಮನುಷ್ಯ ಕಾಲು ಚಾಚಿ ಮಲಗುವಂಥ ಟಬ್ಬು. ಪೈಪು ಹಾಯಿಸಲಿಕ್ಕೆ ಬಚ್ಚಲ ನೆಲವನ್ನು ಮುಕ್ಕಾಲು ಅಡಿ ಎತ್ತರಿಸಿ ಇಟ್ಟಿಗೆಚೂರು ತುಂಬಿದ್ದರು. ಆ ತುಂಬಿದ್ದರೊಳಗೆ ನೀರು ಇಳಿಯುತ್ತಿತ್ತು. ಪೂಜ್ಯರು ಇಲ್ಲಿ ತಂಗುವುದು ವರ್ಷಕ್ಕೆ ಹತ್ತು ಹನ್ನೆರಡು ದಿನ. ಹುಡುಗಿಯರು ಕೆಳಗೆ ಮಲಗುವುದು ದಿನಾಲೂ.

ಎರಡು ದಿನ ಕೂತು ವರದಿ ಬರೆದೆ. ಕೋಣೆಯನ್ನು ತಕ್ಷಣ ಖಾಲಿ ಮಾಡಿಸಬೇಕು. ಮೇಲಿನ ಅತಿಥಿಗೃಹ ಕೆಡವಿ ಭಾರ ಇಳಿಸಬೇಕು. ಕೆಳಗಿನಿಂದ ಕಬ್ಬಿಣದ ತೊಲೆ ಕೊಟ್ಟು, ತುಕ್ಕು ಕೆರೆದು, ಹೊಸ ಸರಳು ಕಟ್ಟಿ ಸ್ಲ್ಯಾಬು ಗಟ್ಟಿ ಮಾಡಬೇಕು. ಒಟ್ಟು ಖರ್ಚು ಮಹಾದ್ವಾರದ ಕಾಲುಭಾಗವೂ ಆಗುತ್ತಿರಲಿಲ್ಲ. ಇಷ್ಟು ಸ್ಪಷ್ಟವಾಗಿದ್ದರೆ ಯಾರಿಗಾದರೂ ತಿಳಿದೀತು ಎಂದು ನಂಬಿದ್ದೆ. ಆ ನಂಬಿಕೆಗೆ ಈಗ ನನಗೇ ನಗು ಬರುತ್ತದೆ.

ಟ್ರಸ್ಟಿನ ಸಭೆಯಲ್ಲಿ ಏಳು ಜನ ಇದ್ದರು. ವರದಿಯನ್ನು ಕೈಯಿಂದ ಕೈಗೆ ದಾಟಿಸಿದರು. ಇಬ್ಬರು ಕೊನೆಯ ಪುಟದ ಮೊತ್ತ ಮಾತ್ರ ನೋಡಿದರು. ಮೊದಲ ಅರ್ಧ ಗಂಟೆ ಕಳಸಕ್ಕೆ ಚಿನ್ನದ ಲೇಪ ಕೊಡಿಸುವುದೋ ಬಣ್ಣ ಬಳಿಸುವುದೋ ಎಂಬ ಚರ್ಚೆ. ಚಿನ್ನದ ಲೇಪ ಗೆದ್ದಿತು. ನಂತರ ನನ್ನ ಸರದಿ.

"ಅತಿಥಿಗೃಹ ಕೆಡವೋದು ಅಂದ್ರ ಪೂಜ್ಯರಿಗಿ ಅಪಮಾನ ಆಗ್ತದರಿ," ಅಂದರು ಒಬ್ಬರು.

"ಗಿಲಾವ ಅಷ್ಟೇ ಬಿದ್ದದ. ಮ್ಯಾಲೊಂದು ಗಿಲಾವ ಹೊಡದ್ರ ಮುಗೀತು," ಅಂದರು ಇನ್ನೊಬ್ಬರು. ಅವರು ಆ ಕೋಣೆಗೆ ಯಾವತ್ತೂ ಕಾಲಿಟ್ಟಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕಾರ್ಯದರ್ಶಿ ಮೆಲ್ಲಗೆ ಬಾಯಿಬಿಟ್ಟರು. ಪ್ರಸಾದ ನಿಲಯಕ್ಕೆ ಇಲಾಖೆಯಿಂದ ಅನುದಾನ ಬರುತ್ತದೆ. ಅದರ ನವೀಕರಣಕ್ಕೆ ಕಟ್ಟಡ ಸುರಕ್ಷಿತ ಇದೆಯೆಂದು ಎಂಜಿನಿಯರರ ಪ್ರಮಾಣಪತ್ರ ಬೇಕು. ಅದನ್ನೂ ನಾನೇ ಕೊಟ್ಟರೆ ಒಳ್ಳೆಯದು. ವರದಿಯಲ್ಲಿ 'ತಕ್ಷಣ ಖಾಲಿ' ಅನ್ನುವ ಬದಲು 'ದುರಸ್ತಿ ಅಪೇಕ್ಷಣೀಯ' ಅಂತ ಬರೆದರೆ ಸಾಕು. "ದ್ವಾರ ಆದ ಮ್ಯಾಗ ಕಲ್ಯಾಣ ಮಂಟಪ ಅದ, ಯಾತ್ರಿ ನಿವಾಸ ಅದ. ಎಲ್ಲಾ ನಿಮಗೇ ಅದಾವ ಮೇಡಂ."

ಪ್ರಮಾಣಪತ್ರ ಕೊಡುವುದಿಲ್ಲ ಎಂದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತಿರಲಿಲ್ಲ. ನಾನು ನಡುವಿನ ದಾರಿ ಹುಡುಕಿದೆ. ಸದ್ಯಕ್ಕೆ ಇಪ್ಪತ್ತನಾಲ್ಕು ಜಾಕು, ಅಂದರೆ ತಿರುವಿ ಎತ್ತರ ಹೊಂದಿಸುವ ಕಬ್ಬಿಣದ ಊರುಗಂಬ, ಬಾಡಿಗೆಗೆ ತಂದು ಸ್ಲ್ಯಾಬಿಗೆ ಆನಿಸೋಣ, ಹುಡುಗಿಯರು ಗೋಡೆಯ ಬದಿಗೆ ಮಾತ್ರ ಮಲಗಲಿ, ಸಮಾರಂಭ ಮುಗಿದ ಕೂಡಲೇ ದುರಸ್ತಿ ಎತ್ತಿಕೊಳ್ಳೋಣ ಎಂದೆ. ಎಲ್ಲರೂ ತಲೆಯಾಡಿಸಿದರು. ಅಷ್ಟು ಬೇಗ ಒಪ್ಪಿಕೊಂಡರಲ್ಲ ಎಂದು ಸಂಶಯ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ದ್ವಾರದ ಕೆಲಸ ನನ್ನ ಕೈಯಲ್ಲೇ ಉಳಿದಿತ್ತು.

ಆದರೂ ಪೂಜ್ಯರನ್ನು ಒಮ್ಮೆ ಕಾಣಬೇಕೆನಿಸಿ ಕಮಲಾಪುರಕ್ಕೆ ಹೋದೆ. ಅವರ ಮುಂದೆ ಆನೆಯ ಎರಡು ಮಣ್ಣಿನ ಮಾದರಿಗಳಿದ್ದವು. ಒಂದಕ್ಕೆ ಸೊಂಡಿಲು ಮೇಲೆ, ಒಂದಕ್ಕೆ ಕೆಳಗೆ. ಸೌಮ್ಯ ಮುಖ, ಮೆತ್ತನೆಯ ಮಾತು. ಸೊಂಡಿಲಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು. ನಾನು ಸ್ಲ್ಯಾಬಿನ ವಿಷಯ ಎತ್ತಿದೆ. ಪೂರ್ತಿ ಕೇಳಿಸಿಕೊಂಡರು.

"ಕಟ್ಟಡದ್ದು ಎಲ್ಲಾ ಕಮಿಟಿಯವರು ನೋಡ್ತಾರ ತಾಯಿ. ನಾವು ದುಡ್ಡಿನ ವಿಷಯಕ್ಕ ಕೈ ಹಚ್ಚಂಗಿಲ್ಲ."

"ದುಡ್ಡಿನ ವಿಷಯ ಅಲ್ರಿ ಪೂಜ್ಯರ, ಹುಡುಗ್ಯಾರ ತಲಿ ಮ್ಯಾಲಿನ ವಿಷಯ."

"ದೇವರು ನೋಡ್ಕೋತಾನ," ಅಂದು ಸೊಂಡಿಲು ಮೇಲಿದ್ದ ಆನೆಯನ್ನು ನನ್ನ ಕಡೆ ಸರಿಸಿದರು. "ಇದು ಛಲೋ ಕಾಣ್ತದಲ್ಲ?"

ಕೆಟ್ಟ ಮನುಷ್ಯನ ಮೇಲೆ ಸಿಟ್ಟು ಮಾಡಬಹುದು. ಇವರ ಮೇಲೆ ಅದೂ ಸಾಧ್ಯವಾಗಲಿಲ್ಲ. ಏನನ್ನೂ ಕೇಳದೆ ಇರುವುದನ್ನೇ ಇವರು ವೈರಾಗ್ಯ ಎಂದು ತಿಳಿದಿದ್ದರು.

ಜಾಕುಗಳು ಬಂದವು. ಮೋಮಿನಪುರದ ಮೇಸ್ತ್ರಿಗೆ ದ್ವಾರದ ಕೆಲಸ ಕೊಟ್ಟಿದ್ದರು, ಅವರೇ ನಿಲ್ಲಿಸಿಕೊಟ್ಟರು. ಕೆಳಗೆ ಹಲಗೆ, ಮೇಲೆ ಹಲಗೆ, ನಡುವೆ ಜಾಕು. ಸ್ಲ್ಯಾಬಿಗೆ ತಾಗುವಷ್ಟೇ ಕೈಯಿಂದ ತಿರುವಬೇಕು, ಎತ್ತಲು ಹೋಗಬಾರದು. ಎತ್ತಿದರೆ ಬೇರೆಡೆ ಬಿರಿಯುತ್ತದೆ. ಒಂದೊಂದನ್ನೂ ನಾನೇ ಮುಟ್ಟಿ ನೋಡಿದೆ. ಮುಗಿದ ಮೇಲೆ ಪ್ರತಿಯೊಂದಕ್ಕೂ ಎದೆಮಟ್ಟದಲ್ಲಿ ನೀಲಿ ಬಣ್ಣದ ಪಟ್ಟಿ ಬಳಿಸಿದೆ, ಲೆಕ್ಕ ತಪ್ಪದಿರಲಿ ಎಂದು.

ಮೂರು ವಾರ ದ್ವಾರದ ಕಂಬಗಳ ಬೆನ್ನು ಹತ್ತಿದ್ದೆ. ಆನೆಗಳ ಪಕ್ಕದ ಸಣ್ಣ ಬಾಗಿಲುಗಳ ಮೇಲೆ ಸ್ಲ್ಯಾಬು ಹಾಕುವ ದಿನ ಗೊತ್ತಾಯಿತು. ಹಿಂದಿನ ದಿನ ಬೆಳಿಗ್ಗೆ ಸರಳು ಕಟ್ಟಿದ್ದನ್ನು ಪರೀಕ್ಷಿಸಲು ಹೋದೆ. ಸೆಂಟ್ರಿಂಗ್ ಹಲಗೆಯ ಕೆಳಗೆ ಬಗ್ಗಿದಾಗ ಕಣ್ಣಿಗೆ ಬಿದ್ದದ್ದು ನೀಲಿ ಪಟ್ಟಿ. ಒಂದು, ಎರಡು, ಎಂಟು. ಎರಡೂ ಬಾಗಿಲ ಕೆಳಗೆ ಸೇರಿ ಹದಿನೆಂಟು.

ಓಡಿದೆ. ಮಲಗುವ ಕೋಣೆಯಲ್ಲಿ ಆರು ಜಾಕು ಉಳಿದಿದ್ದವು, ಅವೂ ಒಂದೇ ಮೂಲೆಯಲ್ಲಿ. ಜಾಗ ತೆರವಾಗಿದೆಯಲ್ಲ ಎಂದು ಹಾಸಿಗೆಗಳು ಮತ್ತೆ ನಡುಕೋಣೆಗೆ ಬಂದಿದ್ದವು. ತಾರಸಿಯಲ್ಲಿ ತೊಲೆಯ ಗುಂಟ ಹೊಸ ಬಿರುಕು. ದಾರ ಕಟ್ಟಿದೆ. ಒಂದೂವರೆ ಇಂಚು ಇದ್ದ ಜೋಲು ಈಗ ಎರಡು ಇಂಚಿಗೆ ಒಂದು ಗೆರೆಯಷ್ಟೇ ಕಡಿಮೆ.

ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು, "ಮೊನ್ನಿ ಬಂದು ಒಯ್ದಾರ್ರಿ. ನೀವೇ ಹೇಳೀರಿ ಅಂದ್ರು," ಅಂದರು.

ಅಲ್ಲಿಂದಲೇ ಕಾರ್ಯದರ್ಶಿಗೆ ಫೋನು ಮಾಡಿದೆ.

"ಹೌದ್ರಿ, ನಾನೇ ಹೇಳ್ದೆ," ಅಂದರು. "ಇಪ್ಪತ್ತೊಂದು ದಿನದ ಮಾತು. ದ್ವಾರದ ಸ್ಲ್ಯಾಬ್ ಬಲಿತ ಮ್ಯಾಗ ವಾಪಸ್ ಬರ್ತಾವ. ಒಂದೇ ಊರಾಗ ಎರಡೆರಡು ಕಡಿ ಜಾಕಿಗಿ ಬಾಡಿಗಿ ಯಾಕ ಕಟ್ಬೇಕ್ರಿ? ಟ್ರಸ್ಟಿನ ದುಡ್ಡು ಅದ, ನೋಡಿ ಖರ್ಚ್ ಮಾಡ್ಬೇಕಾಗ್ತದ."

"ಸ್ಲ್ಯಾಬ್ ಇಳೀಲಾಕತ್ತದರಿ. ಇವತ್ತೇ ಬಿದ್ರ?"

"ಐದು ವರ್ಷ ಬಿದ್ದಿಲ್ಲ, ಇಪ್ಪತ್ತೊಂದು ದಿನದಾಗ ಬೀಳ್ತದೇನ್ರಿ? ನೀವು ನಾಳಿನ ಕೆಲಸ ನೋಡ್ರಿ ಮೇಡಂ."

ಕಳಸಕ್ಕೆ ಚಿನ್ನ ಮೆತ್ತಿಸುವ ಮನುಷ್ಯ ಜಾಕಿನ ಬಾಡಿಗೆಯಲ್ಲಿ ಉಳಿತಾಯ ಮಾಡುತ್ತಿದ್ದ. ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಒಂದು ಟ್ರಂಕಿನ ಮೇಲೆ ಕೂತೆ. ಹುಡುಗಿಯರು ಶಾಲೆಯಿಂದ ಬರಲು ನಾಲ್ಕೈದು ತಾಸು ಇತ್ತು. ಕಾರ್ಯದರ್ಶಿಯನ್ನು ಬೈಯುವುದು ಸುಲಭವಿತ್ತು. 'ತಕ್ಷಣ ಖಾಲಿ ಮಾಡಿಸಬೇಕು' ಎಂಬ ಸಾಲನ್ನು ತಿಂಗಳ ಕೆಳಗೆ ನಾನೇ ನುಂಗಿಕೊಂಡು ಜಾಕಿನ ಮಾತಾಡಿದ್ದೆ. ನುಂಗದೇ ಇದ್ದಿದ್ದರೆ ಒಯ್ಯಲಿಕ್ಕೆ ಜಾಕೂ ಇರುತ್ತಿರಲಿಲ್ಲ, ಕೆಳಗೆ ಹಾಸಿಗೆಯೂ ಇರುತ್ತಿರಲಿಲ್ಲ.

ಎದ್ದು ದ್ವಾರದ ಕಡೆ ಹೋದೆ. ಮೇಸ್ತ್ರಿ ಕೂಲಿಯವರ ಜೊತೆ ನೆರಳಲ್ಲಿ ಕೂತಿದ್ದರು. ಸೈಟಿನ ಪುಸ್ತಕ ತರಿಸಿ ಬರೆದೆ: ಈ ನಕ್ಷೆ ನನ್ನದು, ಈ ಹೊತ್ತಿನಿಂದ ಇದರ ಮೇಲಿನ ಕೆಲಸ ನಿಲ್ಲಿಸಿದ್ದೇನೆ. ಸಹಿ ಮಾಡಿ, ವೇಳೆ ಬರೆದು, ಅವರ ಮುಂದಿಟ್ಟೆ.

"ಜಾಕ್ ಬಿಚ್ರಿ ಚಾಚಾ. ಎಲ್ಲಾ ವಾಪಸ್ ಆ ಕೋಣಿಗಿ ಒಯ್ಬೇಕು."

"ಕ್ಯಾ ಬೋಲ್ರೇ ಮೇಡಂ?" ಅಂದರು ಮೇಸ್ತ್ರಿ. "ಸೆಂಟ್ರಿಂಗ್ ಬಿಚ್ಚಿದ್ರ ಕಟ್ಟಿದ ಸಳಿ ಎಲ್ಲಾ ಕೆಳಗ ಬರ್ತದ. ನಾಳಿ ಕಾಂಕ್ರೀಟ್ ಹೆಂಗ್ ಹಾಕ್ಲಿ?"

"ಹಾಕೋದೇ ಇಲ್ಲ."

"ನಮ್ ಹುಡುಗರದು ಮೂರು ವಾರದ ಕೂಲಿ ಅದ ಅವ್ರ ಹತ್ರ. ಇದು ಬಿಚ್ಚಿದೆ ಅಂದ್ರ ಆ ರೊಕ್ಕ ಗಯಾ ಅಂತ ತಿಳ್ಕೋರಿ."

ಅವರ ಕೂಲಿಗೆ ನಾನು ಜವಾಬ್ದಾರಿ ಅನ್ನುವ ಧೈರ್ಯ ಬರಲಿಲ್ಲ, ಸುಳ್ಳು ಹೇಳಲೂ ಮನಸ್ಸಾಗಲಿಲ್ಲ. "ನೀವೇ ಬಂದು ಆ ಬಿರುಕು ನೋಡ್ರಿ, ಆಮ್ಯಾಗ ಹೇಳ್ರಿ," ಅಂದೆ. ಬಂದರು. ಕೋಣೆಯ ನಡುವೆ ನಿಂತು ಕತ್ತೆತ್ತಿ ನೋಡಿದರು. ಬೆರಳಿನಿಂದ ಬಿರುಕು ತೋರಿಸುತ್ತ ತೊಲೆಯ ಈ ತುದಿಯಿಂದ ಆ ತುದಿಗೆ ನಡೆದರು. ಆಮೇಲೆ ಕೆಳಗಿದ್ದ ಹಾಸಿಗೆ ನೋಡಿದರು.

"ನಂದೇ ತಪ್ಪು," ಅಂದರು. "ಅವ್ರು ಒಯ್ ಅಂದ್ರು, ನಾ ಒಯ್ದೆ. ಒಂದ್ ಮಾತು ನಿಮಗ ಕೇಳ್ಬೇಕಾಗಿತ್ತು."

ಹೊರಗೆ ಹೋಗಿ ತಮ್ಮವರನ್ನು ಕೂಗಿದರು. ಮೊದಲನೆಯ ಜಾಕನ್ನು ತಾವೇ ಬಿಚ್ಚಿದರು. ಹನ್ನೊಂದು ಜನ ಹೆಗಲ ಮೇಲೆ ಹೊತ್ತು ತಂದರು. ನಡುಸಾಲಿಗೆ ಮೊದಲು, ಆಮೇಲೆ ಎರಡೂ ಬದಿಗೆ. ಒಳಗೆ ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಜನ ಹೋಗಗೊಡಲಿಲ್ಲ. ಮೂರನೆಯ ಜಾಕು ತಿರುವುವಾಗ ಮೇಲಿನಿಂದ ಬುಟ್ಟಿಯಷ್ಟು ಕಾಂಕ್ರೀಟು ಉದುರಿ ಮೇಸ್ತ್ರಿಯ ಪಕ್ಕದಲ್ಲೇ ಬಿತ್ತು. ಅವರು ಕೈ ಬಿಡಲಿಲ್ಲ. ಎರಡು ತಾಸಿಗೆ ಇಪ್ಪತ್ತನಾಲ್ಕೂ ನಿಂತವು.

ಅಷ್ಟು ಹೊತ್ತಿಗೆ ಮೇಲ್ವಿಚಾರಕಿ ಟ್ರಂಕುಗಳನ್ನು ಒಂದೊಂದಾಗಿ ಹೊರಗೆ ಎಳೆದಿದ್ದರು. ಎಲ್ಲಿಗೆ ಒಯ್ಯುವುದು? ಮಠದ ಪ್ರಾರ್ಥನಾ ಮಂದಿರ ದೊಡ್ಡದು, ಹೊಸದು, ವಾರದಲ್ಲಿ ಆರು ದಿನ ಬೀಗ ಹಾಕಿರುತ್ತದೆ. ಮಠದ ಮ್ಯಾನೇಜರ್ ಓಡಿ ಬಂದು, ಅಪ್ಪಣೆ ಇಲ್ಲದೆ ತೆರೆಯುವಂತಿಲ್ಲ, ನೆಲ ಹೊಲಸಾಗುತ್ತದೆ ಎಂದು ಅಡ್ಡ ನಿಂತ. ಕಸ ಹೊಡೆಯಲೆಂದು ಮೇಲ್ವಿಚಾರಕಿಯ ಹತ್ತಿರವೂ ಒಂದು ಕೀಲಿ ಇತ್ತು. ಅವರು ಸೆರಗು ಸಿಕ್ಕಿಸಿ ನೇರ ಹೋಗಿ ಬೀಗ ತೆಗೆದರು.

"ದಿನಾ ಈ ನೆಲ ಒರಸಾಕಿ ನಾನು. ಹೊಲಸಾದ್ರ ನಾಳಿನೂ ನಾನೇ ಒರಸ್ತೀನಿ. ಅತ್ತಾಗ ಸರಿ."

ಆತ ಸರಿದ.

ನಾನು ಅನುದಾನ ಕೊಡುವ ಇಲಾಖೆಯ ತಾಲೂಕು ಕಚೇರಿಗೆ ಹೋಗಿ, ಅಲ್ಲೇ ಕೂತು ಕೈಬರಹದಲ್ಲೇ ಅರ್ಜಿ ಬರೆದೆ. ಮೂಲ ವರದಿಯ ಪ್ರತಿ, ಎರಡು ಸಲದ ಅಳತೆ, ಫೋಟೋಗಳು. ಜೊತೆಗೆ, ತಿಂಗಳ ಹಿಂದೆಯೇ ಖಾಲಿ ಮಾಡಿಸಲು ಒತ್ತಾಯಿಸದೇ ಇದ್ದದ್ದು ನನ್ನ ತಪ್ಪೆಂಬ ಒಂದು ಸಾಲು. ಆ ಸಾಲು ಬರೆಯಲು ಉಳಿದ ಅರ್ಜಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಸಂಜೆಯೊಳಗೆ ಅಧಿಕಾರಿ ಬಂದರು, ಬ್ಯಾಟರಿ ಬಿಟ್ಟು ತಾರಸಿ ನೋಡಿದರು, ಕೋಣೆಗೂ ಮೇಲಿನ ಅತಿಥಿಗೃಹಕ್ಕೂ ಬೀಗ ಹಾಕಿಸಿದರು. ದುರಸ್ತಿ ಆಗದೆ ಅನುದಾನ ಇಲ್ಲ ಎಂದು ಬರೆದುಕೊಟ್ಟರು. ಹುಡುಗಿಯರು ಶಾಲೆಯಿಂದ ಬಂದವರು ಮಂದಿರದ ನುಣುಪು ನೆಲದ ಮೇಲೆ ಹಾಸಿಗೆ ಬಿಚ್ಚಿ, ಫ್ಯಾನಿನ ಕೆಳಗಿನ ಜಾಗಕ್ಕೆ ಜಗಳ ಶುರು ಮಾಡಿದರು.

ಕಾರ್ಯದರ್ಶಿಯ ಫೋನು ಮರುದಿನ ಬಂತು. "ನಿಮ್ಮಂಥೋರಿಗಿ ಮಠದ ಕೆಲಸ ಕೊಟ್ಟಿದ್ದೇ ನಮ್ ತಪ್ಪಾತು," ಅಂದರು. ನಿಮ್ಮಂಥೋರು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಮುಂಗಡ ವಾಪಸು ಕೇಳಿದರು. ಎರಡು ಕಂತಿನಲ್ಲಿ ಕೊಟ್ಟುಬಿಟ್ಟೆ.

ಅನುದಾನ ನಿಂತದ್ದಕ್ಕೆ ಟ್ರಸ್ಟಿಗೆ ಒಮ್ಮೆಲೇ ಕಿವಿ ಕೇಳಿಸತೊಡಗಿತು. ದುರಸ್ತಿಗೆ ಹಣ ಹೊರಟಿತು. ಇಲಾಖೆಯವರು ನನ್ನ ವರದಿಯ ಪ್ರಕಾರವೇ ಆಗಬೇಕೆಂದರು. ಮೇಲ್ವಿಚಾರಣೆ ನಾನೇ ಮಾಡಿದೆ, ಸಂಬಳವಿಲ್ಲದೆ. ಮೇಸ್ತ್ರಿಗೆ ಮಾತ್ರ ಹಳೆಯ ಮೂರು ವಾರದ ಕೂಲಿಯನ್ನೂ ಸೇರಿಸಿ ಮೊದಲೇ ಕೊಡಬೇಕೆಂದು ಹಟ ಹಿಡಿದೆ, ಅರ್ಧ ಬಂತು. ಮೇಲಿನ ಮಾರ್ಬಲ್ ಕಿತ್ತಾಗ ಕೆಳಗೆ ಇಟ್ಟಿಗೆಚೂರು ಕಪ್ಪು ಕೆಸರಾಗಿ ನಾರುತ್ತಿತ್ತು. ಟಬ್ಬಿನ ನೀರು ಹೋಗುವ ಪೈಪನ್ನು ಹೊರಗಿನ ಪೈಪಿಗೆ ಯಾರೂ ಜೋಡಿಸಿಯೇ ಇರಲಿಲ್ಲ. ಇಟ್ಟಿಗೆಚೂರಿನೊಳಗೆ ತುರುಕಿ ಮೇಲೆ ಕಲ್ಲು ಹಾಸಿದ್ದರು. ಐದು ವರ್ಷ ಪೂಜ್ಯರು ಮಿಂದ ನೀರೆಲ್ಲ ಹುಡುಗಿಯರ ತಲೆಯ ಮೇಲೆ ನಿಂತಿತ್ತು. ಅದನ್ನು ತೀರ್ಥವೆಂದು ಹಂಚುವ ವಿಚಾರ ಟ್ರಸ್ಟಿನವರಿಗೆ ಹೊಳೆಯಲಿಲ್ಲ, ಅಷ್ಟೇ.

ಕಸವನ್ನೆಲ್ಲ ಬುಟ್ಟಿಯಲ್ಲಿ ಇಳಿಸಿ, ತೊಲೆ ಏರಿಸಿ, ಸ್ಲ್ಯಾಬು ಗಟ್ಟಿಯಾಗಲು ಎರಡು ತಿಂಗಳು ಹಿಡಿಯಿತು. ಸ್ಲ್ಯಾಬು ಬೀಳಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಅದೇ ಅವರಿಗೆ ಸಾಕ್ಷಿಯಾಯಿತು. ಏನೂ ಆಗದ್ದಕ್ಕೆ ಆ ಎಂಜಿನಿಯರ್ ಹೆಣ್ಮಗಳು ಇಷ್ಟು ಗದ್ದಲ ಎಬ್ಬಿಸಿದಳು ಎಂದು ಕಾರ್ಯದರ್ಶಿ ಊರಲ್ಲಿ ಹೇಳಿಕೊಂಡು ತಿರುಗಿದರು. ದ್ವಾರವನ್ನು ಬೇರೆ ಎಂಜಿನಿಯರ್ ಮುಗಿಸಿದರು, ಸಮಾರಂಭ ಕಳೆದು ಬಹಳ ದಿನದ ಮೇಲೆ. ಸೊಂಡಿಲು ಮೇಲೇ ಇದೆ.

ಮೇಲ್ವಿಚಾರಕಿಯನ್ನು ದುರಸ್ತಿ ಮುಗಿದ ವಾರವೇ ತೆಗೆದುಹಾಕಿದರು. ಮಂದಿರದ ಪಾವಿತ್ರ್ಯ ಕೆಡಿಸಿದ ಕಾರಣಕ್ಕೆ, ಎಂದು ಪತ್ರದಲ್ಲಿ ಬರೆದಿದ್ದರು. ಬಾಕಿ ಪಗಾರದ ಮಾತೇ ಅದರಲ್ಲಿರಲಿಲ್ಲ. ನನಗೆ ಇದು ತಿಳಿದದ್ದು ಮೇಸ್ತ್ರಿಯಿಂದ, ಆಕೆ ಊರು ಬಿಟ್ಟ ಮೇಲೆ. ಮೊದಲು ಮೇಲೆ ನೋಡಿದ್ದು ಆಕೆ, ಸೀರೆ ಕಟ್ಟಿದ್ದು ಆಕೆ, ಬೀಗ ತೆಗೆದದ್ದು ಆಕೆ. ನನ್ನ ಅರ್ಜಿಯಲ್ಲಿ ನನ್ನ ತಪ್ಪು ಬರೆದುಕೊಂಡಿದ್ದೆ; ಆಕೆಯ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ.

ವರ್ಷ ತುಂಬುವ ಮೊದಲು ಕಾರ್ಯದರ್ಶಿಯ ಫೋನು ಮತ್ತೆ ಬಂತು. ದನಿ ಜೇನಾಗಿತ್ತು. ಮೇಲ್ವಿಚಾರಕಿಯ ನಂತರ ಬಂದ ಇಬ್ಬರು ಬಿಟ್ಟುಹೋಗಿದ್ದರು, ಹುಡುಗಿಯರು ಊರಿಗೆ ಮರಳುತ್ತಿದ್ದರು, ಇಲಾಖೆಯ ತಪಾಸಣೆ ಹತ್ತಿರ ಬಂದಿತ್ತು. "ಆ ಹೆಣ್ಮಗಳು ನಿಮ್ ಮಾತು ಕೇಳ್ತಾಳ್ರಿ ಮೇಡಂ. ಬಾ ಅಂತ ಹೇಳ್ರಿ. ಆದದ್ದು ಆಗಿ ಹೋತು, ಪೂಜ್ಯರು ಕ್ಷಮಾ ಮಾಡ್ಯಾರ."

"ಮೊದ್ಲು ಹಳೀ ಬಾಕಿ ಕೊಡ್ರಿ," ಅಂದೆ. ಒಂದಿಷ್ಟು ಹೊತ್ತು ಜಗ್ಗಾಡಿ, ಆಕೆ ಬಂದರೆ ಕೊಡುತ್ತೇವೆ ಅಂದರು.

ಮೇಸ್ತ್ರಿಯೇ ಆಕೆಯ ಪತ್ತೆ ಹೇಳಿದರು. ನಮ್ಮ ಮನೆಯಿಂದ ದೂರವೇನಿಲ್ಲ, ಕೋಟನೂರಿನಲ್ಲಿ ರೊಟ್ಟಿ ಮಾಡಿ ಮಾರುವ ಒಂದು ಅಂಗಡಿಯಲ್ಲಿ ಆಕೆ ಕೆಲಸಕ್ಕಿದ್ದರು. ಒಲೆಗಳ ಸಾಲು, ಏಳೆಂಟು ಹೆಂಗಸರು, ಜೋಳದ ಹಿಟ್ಟು ಬಡಿಯುವ ಸದ್ದು. ನನ್ನನ್ನು ಕಂಡು ನಕ್ಕರು, ಬಡಿಯುವುದನ್ನು ನಿಲ್ಲಿಸಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ: ಮತ್ತೆ ಕರೆಯುತ್ತಿದ್ದಾರೆ, ಬಾಕಿ ಕೊಡುತ್ತಾರಂತೆ, ಹುಡುಗಿಯರು ಚದುರುತ್ತಿದ್ದಾರೆ. ಹುಡುಗಿಯರ ಮಾತಿಗೆ ಕೈ ಒಂದು ಗಳಿಗೆ ತಡೆಯಿತು. ಇಬ್ಬರು ಮೂವರ ಹೆಸರು ಹಿಡಿದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಕೊನೆಗೆ ನಾನೇ ಕೇಳಿದೆ, "ಪೂಜ್ಯರು ಕ್ಷಮಾ ಮಾಡ್ಯಾರಂತ. ಏನಂತ ಹೇಳ್ಲಿ ಅಕ್ಕಾರ?"

ರೊಟ್ಟಿಯನ್ನು ಅಂಗೈ ಮೇಲೆತ್ತಿ ಹಂಚಿಗೆ ಹಾಕಿದರು, ಮೇಲೆ ನೀರು ಸವರಿದರು.

"ಹತ್ತು ವರ್ಷ ದೇವರ ಕೆಲಸ ಅಂತ ಮಾಡ್ದೆ ರೀ. ಇದು ಈ ಅಂಗಡಿ ಮಾಲಕನ ಕೆಲಸ. ಬಾಯಿ ಭಾಳ ಹೊಲಸು ಅವಂದು, ದಿನಾ ಬೈತಾನ. ಖರೇ, ಶನಿವಾರಕ್ಕೊಮ್ಮಿ ಪಗಾರ ಎಣಿಸಿ ಕೈಯಾಗ ಕೊಡ್ತಾನ." ರೊಟ್ಟಿ ತಿರುವಿದರು. "ಆ ಪೋರಿಗೋಳು ಯಾರರ ಈ ಕಡಿ ಬಂದ್ರ, ನಾ ಇಲ್ಲಿದ್ದೀನಿ ಅಂತ ಹೇಳ್ರಿ. ಆ ಟ್ರಸ್ಟಿನೋರಿಗಿ ಏನೂ ಹೇಳಬ್ಯಾಡ್ರಿ."